ಹಳ್ಳಕ್ಕೆ ಇಳಿದು ನಕ್ಷೆ ಮಾಡು, ತಮ್ಮಾ

ತಮ್ಮಾ, ಜಿಐಎಸ್ ಕಲಿತು ಜಲಾನಯನದ ಕೆಲಸಕ್ಕೆ ರಾಯಚೂರಿಗೇ ಬಂದೆಯಂತೆ, ಸಂತೋಷ. ನಮ್ಮ ಕಾಲಕ್ಕೆ ಸರ್ವೆ ಆಫ್ ಇಂಡಿಯಾದ ಒಂದು ಟೋಪೋಶೀಟ್ ಕೈಗೆ ಬರಬೇಕಾದರೆ ಹತ್ತು ಮೇಜು ಸುತ್ತಬೇಕಿತ್ತು. ನಿನಗೆ ಇಸ್ರೋದ ಭುವನ್‌ನಲ್ಲಿ ಕಾರ್ಟೊಸ್ಯಾಟ್ ಉಪಗ್ರಹದ ಎತ್ತರದ ಲೆಕ್ಕ ಕೂತಲ್ಲೇ ಸಿಗುತ್ತದೆ. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರ್ ಕಾಣುತ್ತದೆ. ಆದರೆ ನಮ್ಮ ಸೀಮೆಯ ನೀರು ಬರೀ ಇಳಿಜಾರಿನ ಲೆಕ್ಕಕ್ಕೆ ಸಿಗುವುದಲ್ಲ. ಅದಕ್ಕೇ ಈ ನಾಲ್ಕು ಮಾತು.

ಇಳಿಜಾರು ನೋಡಿ ನಿನ್ನ ಕಂಪ್ಯೂಟರ್ ಈ ನಾಡನ್ನು ಎರಡು ಪಾಲು ಮಾಡುತ್ತದೆ: ಬಡಗಣ ಹಳ್ಳಗಳು ಕೃಷ್ಣೆಗೆ, ತೆಂಕಣವು ತುಂಗಭದ್ರೆಗೆ. ಸರಿಯೇ. ಈಗ ಮಾನ್ವಿಗೆ ಬಾ. ತುಂಗಭದ್ರಾ ಎಡದಂಡೆಯ ವಿತರಣಾ ಕಾಲುವೆಗಳು ಸಾಧ್ಯವಾದಷ್ಟೂ ದಿಣ್ಣೆ ಹಿಡಿದೇ ಸಾಗುತ್ತವೆ. ಎತ್ತರದಲ್ಲಿದ್ದರೆ ತಾನೇ ಎರಡೂ ಮಗ್ಗುಲಿಗೆ ನೀರು ಹಾಯುವುದು? ನಿನ್ನ ನಕ್ಷೆಯಲ್ಲಿ ನೀರು ಇಬ್ಭಾಗವಾಗುವ ಗೆರೆ ಎಲ್ಲಿದೆಯೋ ಅಲ್ಲೇ ಇಲ್ಲಿ ನೀರು ಹರಿಯುತ್ತಿರುತ್ತದೆ. ಭತ್ತದ ಗದ್ದೆಯಿಂದ ಬಸಿದದ್ದು ಹಳ್ಳ ಸೇರುತ್ತದೆ. ಫೆಬ್ರವರಿಯಲ್ಲಿ ಹಳ್ಳ ಹರಿಯುವುದನ್ನು ಕಂಡು ಅಂತರ್ಜಲ ಏರಿತು, ನಮ್ಮ ಒಡ್ಡು ಫಲ ಕೊಟ್ಟಿತು ಎಂದು ವರದಿ ಬರೆದುಬಿಡಬೇಡ. ಮೇಲಿನ ತೂಬು ತೆರೆದಿದೆಯೇ ನೋಡು. ಬಸಿಯಲು ದಾರಿಯಿಲ್ಲದ ತಗ್ಗಿನಲ್ಲಿ ಅದೇ ನೀರು ನಿಂತು ಎರೆಭೂಮಿ ಸವಳಾಗುತ್ತದೆ. ಅತ್ತ ಕಾಲುವೆಯ ಕೊನೆ ಭಾಗದ ರೈತ ಕಾಲುವೆಯ ಗೇಜ್ (ನೀರಿನ ಮಟ್ಟ) ಏರಿಸಿ ಎಂದು ರಸ್ತೆಯಲ್ಲಿ ಕೂತಿರುತ್ತಾನೆ. ಕಾಲುವೆ, ತೂಬುಗಳ ಲೇಯರ್ ಹಾಕದೆ ಮಾನ್ವಿಯ ನಕ್ಷೆ ಮುಗಿಯಿತು ಎನ್ನಬೇಡ.

ದೇವದುರ್ಗದ್ದು ಬೇರೆ ಕಥೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಹೂವಿನಹೆಡಗಿ ಸೇತುವೆ ಮುಳುಗಿದ್ದು ದೇವದುರ್ಗದ ಮಳೆಗಲ್ಲ. ಸಹ್ಯಾದ್ರಿಯಲ್ಲಿ ಸುರಿದದ್ದು ಆಲಮಟ್ಟಿ, ನಾರಾಯಣಪುರ ಅಣೆಕಟ್ಟು ದಾಟಿ ಬಂತು. ತಾಲ್ಲೂಕಿನ ಗಡಿಗೆ ಕತ್ತರಿಸಿದ ನಕ್ಷೆಯಲ್ಲಿ ಆ ಪ್ರವಾಹ ಎಲ್ಲಿ ಸಿಗಬೇಕು? ಕೃಷಿ ಹೊಂಡಕ್ಕಾದರೆ ಒಂದು ಹಳ್ಳದ ಜಲಾನಯನ ಸಾಕು, ಹೊಳೆಯ ಪ್ರವಾಹಕ್ಕೆ ಸಹ್ಯಾದ್ರಿಯ ಕೊಯ್ನಾವರೆಗೂ ಕಣ್ಣು ಹಾಯಬೇಕು.

ಇನ್ನು ಉಪಗ್ರಹ ಚಿತ್ರ. ಹಿಂಗಾರಿ ಜೋಳಕ್ಕೆಂದು ಎರೆಹೊಲವನ್ನು ಮುಂಗಾರಿನಲ್ಲಿ ಹರಗಿ ಬಿಡುವುದು ನಮ್ಮಲ್ಲಿ ಹಳೆಯ ರೂಢಿ. ಆಗಸ್ಟ್‌ನ ಚಿತ್ರ ಒಂದನ್ನೇ ನಂಬಿದರೆ ಅದು ಬೀಳು ಭೂಮಿ ಎಂದು ದಾಖಲಾಗುತ್ತದೆ; ಜನವರಿಯದನ್ನೂ ಪಕ್ಕದಲ್ಲಿಟ್ಟು ನೋಡು. ಎತ್ತರದ ದತ್ತಾಂಶಕ್ಕೂ ಇದೇ ಎಚ್ಚರ ಬೇಕು. ಹರಿವಿನ ಲೆಕ್ಕಕ್ಕೆ ಮೊದಲು ಸಾಫ್ಟ್‌ವೇರ್ ತಗ್ಗುಗಳನ್ನೆಲ್ಲ ತುಂಬಿ ಸಮ ಮಾಡುತ್ತದಲ್ಲ, ಆಗ ಊರ ಕೆರೆಯೂ ಮುಚ್ಚಿಹೋಗುತ್ತದೆ (ಒತ್ತುವರಿದಾರರಿಗೆ ಇದು ತಿಳಿಯದಿರಲಿ!). 30 ಮೀಟರ್ ಚೌಕದ ದತ್ತಾಂಶಕ್ಕೆ ಹೊಲದ ಒಡ್ಡು, ರಸ್ತೆಯ ಮೋರಿ ಕಾಣುವುದೇ ಇಲ್ಲ. ರಾಯಚೂರು ನಗರದೊಳಗಂತೂ ನೀರಿನ ದಾರಿ ತೀರ್ಮಾನಿಸುವುದೇ ಮೋರಿ ಮತ್ತು ರಾಜಕಾಲುವೆ. ಅಲ್ಲಿ ಜೋರು ಮಳೆ ಬಂದ ದಿನ ಛತ್ರಿ ಹಿಡಿದು ನಡೆಯುವುದಕ್ಕೆ ಬದಲಿ ದಾರಿ ನನಗಂತೂ ಗೊತ್ತಿಲ್ಲ.

ವರದಿ ಕಳಿಸುವ ಮೊದಲು ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸು. ಸರ್ವೆ ನಂಬರ್ ಇರಲಿ, ಹಳ್ಳಕ್ಕೆ ಊರವರು ಕರೆಯುವ ಹೆಸರಿರಲಿ, ಎಲ್ಲ ಕನ್ನಡದಲ್ಲಿರಲಿ. ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಅದರ ಮುಂದೆ ನಿಂತು ವಾದ ಮಾಡಲಿ. ಕುರಿ ಕಾಯುವವರನ್ನು ತಪ್ಪದೆ ಕರೆ, ಬೇಸಿಗೆಯಲ್ಲಿ ಎಲ್ಲಿ ನೀರು ಉಳಿಯುತ್ತದೆಂದು ಅವರಷ್ಟು ಬಲ್ಲವರಿಲ್ಲ. ಅವರು ಪೆನ್ಸಿಲಿನಲ್ಲಿ ತಿದ್ದಿದ್ದನ್ನು ಫೈಲಿಗೆ ಏರಿಸಿ, ಆಮೇಲೆ ಬೆಂಗಳೂರಿಗೆ ಕಳಿಸು.