ಮೂರೂವರೆಯ ಹಸಿವಿಗೆ ಎಷ್ಟು ಬೆಲೆ?

ಪ್ರವಾಸ ಹೊರಡುವ ಮುಂಚೆ ನಾವೆಲ್ಲ ಲೆಕ್ಕ ಹಾಕುವ ರೀತಿ ಹೆಚ್ಚುಕಡಿಮೆ ಒಂದೇ. ಪೆಟ್ರೋಲಿಗೆ ಇಷ್ಟು, ಟೋಲಿಗೆ ಇಷ್ಟು, ರೂಮಿಗೆ ಇಷ್ಟು. ಊಟ-ತಿಂಡಿಯ ಸರದಿ ಬಂದಾಗ ಮಾತ್ರ ‘ಅದೇನ್ ಮಹಾ, ಮನೇಲಿದ್ರೂ ತಿಂತೀವಲ್ಲ’ ಎಂದು ಒಂದು ಅಂದಾಜು ಮೊತ್ತ ಬರೆದು ಮುಂದಕ್ಕೆ ಹೋಗುತ್ತೇವೆ. ವಾಪಸು ಬಂದು ಯುಪಿಐ ಪಟ್ಟಿ ಮೇಲಿಂದ ಕೆಳಗೆ ಎಳೆದು ನೋಡಿದಾಗ ಗೊತ್ತಾಗುತ್ತದೆ, ರೂಮಿನ ಬಾಡಿಗೆಯಲ್ಲಿ ಇನ್ನೂರು ಮುನ್ನೂರಕ್ಕೆ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಗೋಬಿ ಮಂಚೂರಿಯಲ್ಲಿ ಕರಗಿದೆ ಅಂತ.

ಕೆಲವು ವರ್ಷಗಳಿಂದ ನಾನು ರಜೆಯಲ್ಲಿ ತಿಂದದ್ದರ ಲೆಕ್ಕವನ್ನು ರಾತ್ರಿ ಮಲಗುವ ಮುಂಚೆ ಬರೆದಿಡುತ್ತೇನೆ. ಮೊತ್ತ, ಊರು, ತಿಂದ ಹೊತ್ತು, ಪಕ್ಕದಲ್ಲಿ ಒಂದೆರಡು ಮಾತು. ಮನೆಯವರಿಗೆ ಇದೊಂದು ತಮಾಷೆ. ಇರಲಿ. ಆ ಪಟ್ಟಿಯಲ್ಲಿ ದೊಡ್ಡ ಮೊತ್ತಗಳ ಪಕ್ಕದಲ್ಲಿ ಏನು ಬರೆದಿದ್ದೇನೆ ಎಂದು ನೋಡಿದರೆ ‘ಬಹಳ ಚೆನ್ನಾಗಿತ್ತು’ ಅಂತ ಇರುವುದು ಅಪರೂಪ. ‘ಬೇರೆ ಎಲ್ಲೂ ತೆರೆದಿರಲಿಲ್ಲ’, ‘ಮಕ್ಕಳು ಹಟ’, ‘ಮಳೆ, ನುಗ್ಗಿದ್ವಿ’, ಇಂಥವೇ ಜಾಸ್ತಿ. ಹುಡುಕಿಕೊಂಡು ಹೋಗಿ ಆಸೆಪಟ್ಟು ತಿಂದ ಊಟ ನಮ್ಮ ಜೇಬಿಗೆ ಅಂಥ ಪೆಟ್ಟು ಕೊಟ್ಟಿದ್ದೇ ಇಲ್ಲ. ಯಾರೂ ಆರಿಸದೆ, ಹಸಿವು ಮತ್ತು ಸುಸ್ತು ಸೇರಿ ರಟ್ಟೆ ಹಿಡಿದು ಕೂರಿಸಿದ ಟೇಬಲ್ಲುಗಳೇ ದುಬಾರಿ. ಅವುಗಳಲ್ಲಿ ಬಹುಪಾಲು ಮಧ್ಯಾಹ್ನ ಮೂರರಿಂದ ಐದರ ನಡುವಿನವು.

ಆ ಹೊತ್ತಿನ ಹಸಿವು ಹುಟ್ಟುವುದು ಬೆಳಗ್ಗೆ, ಹೋಟೆಲಿನ ಬಫೆಯಲ್ಲಿ. ಬುಕ್ಕಿಂಗ್ ಆ್ಯಪ್‌ನಲ್ಲಿ ಒಂದೇ ರೂಮಿಗೆ ಎರಡು ಮೂರು ದರ ಇರುತ್ತದಲ್ಲ, ಹೋಟೆಲಿನವರ ಲೆಕ್ಕದಲ್ಲಿ ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ರೂಮಿನ ಜತೆ ತಿಂಡಿ, ಎಂಎಪಿ ಅಂದರೆ ತಿಂಡಿಯ ಜತೆ ಇನ್ನೊಂದು ಹೊತ್ತಿನ ಊಟ, ಎಪಿ ಅಂದರೆ ಮೂರೂ ಹೊತ್ತು. ಬಹಳ ಜನ ಕಣ್ಣುಮುಚ್ಚಿ ಸಿಪಿ ಒತ್ತುತ್ತಾರೆ. ‘ತಿಂಡಿ ಫ್ರೀ’ ಎಂಬ ಭಾವನೆ. ರೂಮು ಮಾತ್ರವಾದರೆ 3,200, ತಿಂಡಿ ಸೇರಿದರೆ 4,000 ಅಂದುಕೊಳ್ಳಿ. ಮೂರು ರಾತ್ರಿಗೆ 2,400 ರೂಪಾಯಿ ಕೊಟ್ಟು ಕೊಂಡ ತಿಂಡಿ ಅದು, ಫ್ರೀ ಹೇಗಾದೀತು? ಅದೂ ಎಲ್ಲಿ? ಮೈಸೂರಿನಲ್ಲಿ, ಉಡುಪಿಯಲ್ಲಿ, ದಾವಣಗೆರೆಯಲ್ಲಿ. ನಮ್ಮ ರಾಜ್ಯದ ಊರುಗಳು ಜಗತ್ತಿನ ಯಾವ ಊರಿಗೂ ತಲೆಬಾಗಬೇಕಿಲ್ಲದ ಒಂದೇ ಒಂದು ಹೊತ್ತಿದ್ದರೆ ಅದು ಬೆಳಗಿನ ತಿಂಡಿಯ ಹೊತ್ತು. ನಜರ್‌ಬಾದಿನ ಮೈಲಾರಿಯಲ್ಲಿ ಬೆಣ್ಣೆ ಕರಗುತ್ತಿರುವ ಮೆತ್ತನೆ ದೋಸೆ ಸಿಗುವಾಗ ಲಾಡ್ಜಿನ ನೆಲಮಹಡಿಯಲ್ಲಿ ಸ್ಟೀಲ್ ಮುಚ್ಚಳದಡಿ ಬೆವರಿದ ಇಡ್ಲಿ, ಕಾರ್ನ್‌ಫ್ಲೇಕ್ಸು, ಎರಡು ಹೋಳು ಕಲ್ಲಂಗಡಿ ತಿನ್ನಲು ದುಡ್ಡು ಕೊಡುವುದು ನನಗಂತೂ ಅರ್ಥವಾಗುವುದಿಲ್ಲ.

ನಷ್ಟ ಅಲ್ಲಿಗೇ ನಿಲ್ಲುವುದೂ ಇಲ್ಲ. ದುಡ್ಡು ಕೊಟ್ಟಾಗಿದೆ ಎಂದು ಹತ್ತು ಗಂಟೆಯವರೆಗೆ ಕೂತು, ಬೇಡದ ಪೂರಿ, ಬೇಡದ ಕೇಕು, ಎರಡನೇ ಆಮ್ಲೆಟ್ ಎಲ್ಲ ಇಳಿಸಿರುತ್ತೇವೆ. ಒಂದು ಗಂಟೆಗೆ ಊರಿನ ಊಟದ ಹೋಟೆಲುಗಳಲ್ಲಿ ಬಿಸಿ ಅನ್ನ ಬಡಿಸುತ್ತಿರುವಾಗ ಯಾರಿಗೂ ಹಸಿವಿಲ್ಲ. ಅರಮನೆಯನ್ನೋ ಮೃಗಾಲಯವನ್ನೋ ಸುತ್ತಿ ಹೊರಬರುವಷ್ಟರಲ್ಲಿ ಮೂರೂವರೆ. ಆಗ ಎಲ್ಲರಿಗೂ ಒಟ್ಟಿಗೆ ಹಸಿವು. ಮೀಲ್ಸ್ ಕೌಂಟರಿನಲ್ಲಿ ‘ಊಟ ಮುಗೀತು ಸಾರ್’ ಎಂಬ ಉತ್ತರ. ಉಳಿಯುವುದು ಗೇಟಿನ ಎದುರಿಗಿರುವ, ದಪ್ಪ ಮೆನು ಕಾರ್ಡಿನ, ಎಲ್ಲ ದೇಶದ ಅಡುಗೆಯನ್ನೂ ಮಾಡಬಲ್ಲ ಜಾಗ. ಅಲ್ಲಿ ಮಕ್ಕಳು ಪನೀರ್ ಬಟರ್ ಮಸಾಲ ಹೇಳುತ್ತಾರೆ, ಅಮ್ಮ ಮೊಸರನ್ನ ಕೇಳುತ್ತಾರೆ, ಅದು ಕರ್ಡ್ ರೈಸ್ ಆಗಿ ದಾಳಿಂಬೆ ಉದುರಿಸಿಕೊಂಡು ಬರುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ತಿಂಡಿ ಎಂಟಕ್ಕೆ, ಹೊರಗೆ, ಹಿತಮಿತವಾಗಿ; ಊಟ ಒಂದು ಗಂಟೆಗೆ ಅಂದರೆ ಒಂದು ಗಂಟೆಗೆ. ಹೊಸ ಊರಿನಲ್ಲಿ ಎಲ್ಲಿ ಉಣ್ಣಬೇಕು ಎಂದು ಗೂಗಲ್ ರೇಟಿಂಗ್ ನೋಡುವುದಕ್ಕಿಂತ ನನಗೆ ನಂಬಿಕೆ ಇರುವುದು ತಾಲ್ಲೂಕು ಕಚೇರಿ ಮತ್ತು ಕೋರ್ಟಿನ ಆಸುಪಾಸಿನ ಮೇಲೆ. ಗುಮಾಸ್ತರು, ವಕೀಲರು ದಿನಾ ಉಣ್ಣುವ ಜಾಗ ಅದು. ಒಮ್ಮೆ ಬಂದು ಹೋಗುವ ಪ್ರವಾಸಿಗೆ ಏನು ಬಡಿಸಿದರೂ ನಡೆದೀತು, ನಾಳೆಯೂ ಬರುವ ವಕೀಲರಿಗೆ ನಡೆಯುವುದಿಲ್ಲ. ಫುಲ್ ಮೀಲ್ಸ್ ಹಂಚಿಕೊಳ್ಳುವಂತಿಲ್ಲ ಎಂಬ ಬೋರ್ಡು ಅಲ್ಲೂ ಇರುತ್ತದೆ, ಅದು ನ್ಯಾಯವೇ. ಮಕ್ಕಳಿಗೆ ಮಿನಿ ಮೀಲ್ಸ್ ಸಾಕು. ಕಾಫಿ ಮಾತ್ರ ಎಲ್ಲೇ ಆಗಲಿ ಬೈಟು, ಅದರಲ್ಲಿ ಬೆಂಗಳೂರಿನವರಿಗೆ ಸಂಕೋಚವಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಆಗಿರುವುದು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟದ ಹೋಂಸ್ಟೇಗಳು. ಅಲ್ಲಿ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ ಊಟ ಸಮೇತ ದರ ಹೇಳುತ್ತಾರೆ. ಮೊದಲು ಕೇಳಿದಾಗ ಎದೆ ಧಸಕ್ ಎನ್ನುತ್ತದೆ. ಆದರೆ ಪೇಟೆ ದೂರ, ರಸ್ತೆ ಕಿರಿದು, ರಾತ್ರಿ ಆನೆಯ ಭಯ ಬೇರೆ. ಊಟಕ್ಕಾಗಿ ಕಾರು ತೆಗೆದು ಹೋಗಿಬರುವ ಮಾತೇ ಇಲ್ಲ. ಆ ಮನೆಯವರೇ ಮಾಡಿದ ಅಕ್ಕಿರೊಟ್ಟಿ, ಕಡಂಬುಟ್ಟು, ಪಂದಿ ಕರಿ ನಾಲ್ಕು ಗೋಡೆಯ ಯಾವ ರೆಸ್ಟೋರೆಂಟಿನಲ್ಲೂ ಆ ರುಚಿಗೆ ಸಿಗುವುದಿಲ್ಲ. ಇಲ್ಲಿ ಪ್ಯಾಕೇಜನ್ನೇ ತೆಗೆದುಕೊಳ್ಳಿ, ಮುಂಗಡ ಕಳಿಸುವ ಮುನ್ನ ಮಾತ್ರ ಸಂಜೆಯ ಕಾಫಿ-ಬಜ್ಜಿ ಸೇರಿದೆಯೇ, ಕ್ಯಾಂಪ್‌ಫೈರಿಗೆ ಬೇರೆ ದುಡ್ಡೇ, ಮಕ್ಕಳಿಗೆ ಯಾವ ವಯಸ್ಸಿನವರೆಗೆ ಅರ್ಧ ದರ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ‘ಎಲ್ಲಾ ಸೇರಿ’ಗೂ ಹೊರಡುವ ದಿನದ ‘ಎಲ್ಲಾ ಸೇರಿ’ಗೂ ವ್ಯತ್ಯಾಸ ಇರುವುದುಂಟು.

ದಾರಿಯ ತಿಂಡಿಯ ಲೆಕ್ಕವೂ ಈಗ ಬದಲಾಗಿದೆ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಬೈಪಾಸಿನ ಆಚೆ ಹೋದವು. ಮೊದಲು ತಟ್ಟೆ ಇಡ್ಲಿ, ಮದ್ದೂರು ವಡೆ ತಾವಾಗಿ ದಾರಿಗೆ ಎದುರಾಗುತ್ತಿದ್ದವು. ಈಗ ಅವನ್ನು ತಿನ್ನಬೇಕಾದರೆ ಮುಂಚೆಯೇ ನಿರ್ಧರಿಸಿ ಸರ್ವೀಸ್ ರಸ್ತೆಗೆ ಇಳಿಯಬೇಕು. ಇಳಿಯಲು ಸೋಮಾರಿತನ ಮಾಡಿದವರಿಗೆ ಚಿಪ್ಸು ಮತ್ತು ಬಾಟಲಿ ಜ್ಯೂಸೇ ಗತಿ. ನಮ್ಮಲ್ಲಿ ಮೊದಲ ದಿನದ ಮಧ್ಯಾಹ್ನಕ್ಕೆ ಪುಳಿಯೋಗರೆ ಬುತ್ತಿ. ಅದರಲ್ಲಿ ಹಳೆಯ ಕಾಲದ ಮೋಹವೇನಿಲ್ಲ. ಹೊರಟ ದಿನ ಎಷ್ಟು ಹೊತ್ತಿಗೆ ಎಲ್ಲಿರುತ್ತೇವೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ, ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು.

ಇಷ್ಟೆಲ್ಲ ಬಿಗಿ ಹಿಡಿಯುವುದು ಎಲ್ಲಿ ಕೈ ಬಿಚ್ಚಲಿಕ್ಕೆ ಅಂದರೆ, ಮಂಗಳೂರಿನ ಮೀನಿಗೆ. ನಮ್ಮ ಮಧ್ಯಮವರ್ಗದ ವಿಚಿತ್ರ ಏನೆಂದರೆ ಬೇಡದ ಕಡೆ ಸಾವಿರ ಚೆಲ್ಲಿ, ಕರಾವಳಿಯವರೆಗೆ ಬಂದು, ಕಾಣೆ ಫ್ರೈ ಎದುರಿಗೆ ಬಂದಾಗ ‘ಒಂದು ಹೇಳೋಣ, ಹಂಚಿಕೊಳ್ಳೋಣ’ ಎನ್ನುವುದು. ಮೀನಿನ ಹೋಟೆಲುಗಳಲ್ಲಿ ಊಟ ಅಗ್ಗ: ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಬಿಲ್ಲು ಏರುವುದು ಫ್ರೈನಲ್ಲಿ. ನೀವು ಕೂತ ಐದೇ ನಿಮಿಷಕ್ಕೆ ಹುಡುಗನೊಬ್ಬ ಅಗಲವಾದ ತಟ್ಟೆ ಹಿಡಿದು ಬರುತ್ತಾನೆ. ಕೆಂಪು ಮಸಾಲೆ ಮೆತ್ತಿಕೊಂಡ ಹಸಿ ಮೀನು ಸಾಲಾಗಿ ಮಲಗಿರುತ್ತವೆ: ಅಂಗೈಯಗಲದ ಅಂಜಲ್ ತುಂಡುಗಳು, ಇಡೀ ಮಾಂಜಿ, ಉದ್ದುದ್ದ ಕಾಣೆ, ಬೆನ್ನಿಗೆ ಗೆರೆ ಕೊಯ್ದ ಬಂಗುಡೆ, ಒಂದು ಮೂಲೆಯಲ್ಲಿ ಸಿಗಡಿ. ಹೆಸರು ಪಟಪಟನೆ ಹೇಳುತ್ತಾನೆ, ತವಾನಾ ರವಾನಾ ಎಂದೂ ಕೇಳುತ್ತಾನೆ, ಬೆಲೆ ಮಾತ್ರ ಹೇಳುವುದಿಲ್ಲ. ಮೆನು ಕಾರ್ಡಿನಲ್ಲಿ ನೋಡಿದರೆ ಗಾತ್ರದ ಮೇಲೆ ಬೆಲೆ ಎನ್ನುವ ‘ಎಪಿಎಸ್’. ಹೊರಗಿನವರು ಮರ್ಯಾದೆಗೆ ಅಂಜಿ ಬೆರಳು ತೋರಿಸಿಬಿಡುತ್ತಾರೆ. ಪಕ್ಕದ ಟೇಬಲ್ಲಿನ ಮಂಗಳೂರಿನವರನ್ನು ಗಮನಿಸಿ, ಅವರು ಮೀನನ್ನು ತಿರುಗಿಸಿ ನೋಡಿ, ‘ಇದಕ್ಕೆಷ್ಟು? ಅದಕ್ಕೆಷ್ಟು?’ ಎಂದು ಒಂದೊಂದಕ್ಕೂ ಕೇಳಿಯೇ ತಟ್ಟೆ ಒಳಗೆ ಕಳಿಸುವುದು. ಆಮೇಲೆ ಅವರ ಆಯ್ಕೆ ಹೆಚ್ಚಾಗಿ ಬಂಗುಡೆ ಅಥವಾ ಬೂತಾಯಿ. ಅಂಜಲ್, ಮಾಂಜಿ ತಿನ್ನಬೇಕಾದರೆ ಒಂದು ತಿನ್ನಿ, ಬೆಲೆ ಕೇಳಿ ತಿನ್ನಿ, ತಿಂದ ಮೇಲೆ ಕೊರಗಬೇಡಿ.

ಇನ್ನೊಂದು ವಿಷಯ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಜೋಗ, ಆಗುಂಬೆಯ ಮಳೆ ನೋಡಲು ಬಂದವರು ಹಾಗೇ ಘಟ್ಟ ಇಳಿದು ‘ಫ್ರೆಶ್ ಫಿಶ್’ ಹುಡುಕುವುದು ಸರಿಯಾಗಿ ಇದೇ ತಿಂಗಳುಗಳಲ್ಲಿ. ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು, ಐಸಿನಲ್ಲಿಟ್ಟದ್ದು ಜಾಸ್ತಿ. ಆ ಕಾಲದಲ್ಲಿ ನಾವು ಕೋಳಿ ಸುಕ್ಕ, ನೀರುದೋಸೆಗೆ ಶರಣು.

ಇನ್ನು ಬಿಲ್ಲು. ಕಾಗದ ಕೈಗೆ ಬಂದ ಕೂಡಲೇ ಒಟ್ಟು ಮೊತ್ತ ನೋಡಿ ಸ್ಕ್ಯಾನ್ ಮಾಡುವುದು ನಮ್ಮ ಅಭ್ಯಾಸ. ಕಡಲತೀರದ ಒಂದು ಕೆಫೆಯಲ್ಲಿ ನಮಗೆ ಬಂದ ಬಿಲ್ಲಿನ ಲೆಕ್ಕವನ್ನು ದುಂಡುಮಾಡಿ ಹೇಳುತ್ತೇನೆ. ತಿಂದದ್ದು 2,000. ಅದರ ಮೇಲೆ ಶೇ 10 ಸರ್ವೀಸ್ ಚಾರ್ಜು, 200. ಈ 2,200ರ ಮೇಲೆ ಶೇ 5 ಜಿಎಸ್‌ಟಿ, 110. ಒಟ್ಟು 2,310. ಸರ್ವೀಸ್ ಚಾರ್ಜು ಇಲ್ಲದಿದ್ದರೆ 2,100 ಆಗುತ್ತಿತ್ತು. ಅಂದರೆ ಆ ಚಾರ್ಜಿನ ಮೇಲೂ ತೆರಿಗೆ ಕಟ್ಟುತ್ತೇವೆ. ತೆಗೆಯಿರಿ ಎಂದೆ. ಮ್ಯಾನೇಜರು ‘ಸಿಸ್ಟಂನಲ್ಲೇ ಬರುತ್ತೆ’ ಎಂದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದೇ ಅದನ್ನು: ಸರ್ವೀಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ. ರೆಸ್ಟೋರೆಂಟ್ ಸಂಘಗಳು ಇದನ್ನು ಪ್ರಶ್ನಿಸಿದ್ದವು. 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ ಎಂದು ಮೆತ್ತಗೆ ಹೇಳಿದೆ. ಸಿಸ್ಟಂ ಕೂಡಲೇ ಸರಿಹೋಯಿತು. ಬಡಿಸಿದ ಹುಡುಗನಿಗೆ ನೂರು ರೂಪಾಯಿ ಕೈಗೇ ಕೊಟ್ಟೆವು, ಅದು ಬೇರೆ ಲೆಕ್ಕ.

ತೆರಿಗೆಯಲ್ಲೂ ಒಂದು ಗುಂಡಿ ಇದೆ. ಎಸಿ ಇದ್ದರೆ ಜಾಸ್ತಿ ಜಿಎಸ್‌ಟಿ ಎಂದು ಈಗಲೂ ನಂಬಿದವರಿದ್ದಾರೆ. ಆ ಭೇದ 2017ರ ನವೆಂಬರಿನಲ್ಲೇ ಹೋಯಿತು, ಸಾಮಾನ್ಯ ರೆಸ್ಟೋರೆಂಟಿಗೆ ಎಸಿ ಇರಲಿ ಬಿಡಲಿ ಶೇ 5. ಎಸಿ ಹಾಲ್‌ನಲ್ಲಿ ಅದೇ ದೋಸೆಗೆ ಹೆಚ್ಚು ಬೆಲೆ ಇಟ್ಟಿದ್ದರೆ ಅದು ಮಾಲೀಕರ ದರ, ಸರ್ಕಾರದ್ದಲ್ಲ. ಆದರೆ ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ರೂಮನ್ನು ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಿನೊಳಗಿನ ರೆಸ್ಟೋರೆಂಟಾದರೆ ಶೇ 18. ನೀವು ಆಫರಿನಲ್ಲಿ ಐದು ಸಾವಿರಕ್ಕೆ ರೂಮು ಹಿಡಿದಿದ್ದರೂ ಅಷ್ಟೇ. ಎರಡು ಸಾವಿರದ ಊಟಕ್ಕೆ ಹೊರಗೆ 100 ರೂಪಾಯಿ ತೆರಿಗೆ, ಒಳಗೆ 360. ಕಾಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲುಗಳಂತೂ ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತೆಯೇ ಇಲ್ಲ.

ನೀರಿನ ಬಾಟಲಿಯ ಬಗ್ಗೆ ಜಗಳಕ್ಕೆ ನಿಲ್ಲಬೇಡಿ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ‘ಬಾಟಲ್ಲಾ, ನಾರ್ಮಲ್ಲಾ?’ ಎಂದು ಕೇಳಿದಾಗ ‘ಬಿಸಿನೀರು’ ಎಂದರಾಯಿತು.

ನನ್ನ ಪಟ್ಟಿಯಲ್ಲಿ ಯಾವ ಸಾಲಿಗೂ ಹೊಂದದ ಊಟ ಒಂದೇ. ಧರ್ಮಸ್ಥಳ, ಶೃಂಗೇರಿ, ಹೊರನಾಡು, ಕಟೀಲು ಈ ಕಡೆ ಹೋದರೆ ದೇವಸ್ಥಾನದ ಊಟ ಇದ್ದೇ ಇದೆ, ದುಡ್ಡು ಕೇಳುವವರಿಲ್ಲ. ಮೂರೂವರೆಯ ಹಸಿವಿಗೆ ಇದಕ್ಕಿಂತ ಮದ್ದಿಲ್ಲ ಎಂದುಕೊಂಡು ಒಮ್ಮೆ ಹೊರನಾಡಿನಲ್ಲಿ ಪಂಕ್ತಿಗೆ ಕೂತೆವು. ಅನ್ನ, ಸಾರು, ಪಾಯಸ. ಎದ್ದು ಕೈತೊಳೆದ ಮೇಲೆ ಅಮ್ಮ ನೆಟ್ಟಗೆ ಅನ್ನದಾನದ ಕೌಂಟರಿಗೆ ಹೋಗಿ ರಶೀದಿ ಹರಿಸಿದರು. ಮೊತ್ತ ನೋಡಿದೆ, ಹಿಂದಿನ ದಿನದ ಮೀನೂಟದ ಬಿಲ್ಲಿಗಿಂತ ಜಾಸ್ತಿ. ರಾತ್ರಿ ಇದನ್ನು ಊಟದ ಖರ್ಚಿಗೆ ಬರೆಯಲೋ ದಾನದ ಲೆಕ್ಕಕ್ಕೋ ಎಂದು ಕೇಳಿದರೆ, ‘ಬರೀಲೇ ಬೇಡ, ಲೈಟು ಆರ್ಸು’ ಎಂದರು.