ತೊಳೆಯುವ ನೀರಿನ ಲೆಕ್ಕ

ಯಾವ ವಸ್ತು ಯಾವುದರೊಡನೆ ಕೂಡಿದರೆ ಏನಾಗುತ್ತದೆ ಎಂಬುದನ್ನು ರಸಾಯನಶಾಸ್ತ್ರದ ಪಾಠ ತಿಳಿಸುತ್ತದೆ. ಅದೇ ಕೆಲಸವನ್ನು ಕಾರ್ಖಾನೆಯಲ್ಲಿ ದಿನವೂ ಟನ್ನುಗಟ್ಟಲೆ ನಡೆಸುವಾಗ ಎಷ್ಟು ನೀರು, ಎಷ್ಟು ಶಾಖ, ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಗಳು ಏಳುತ್ತವೆ. ಕೆಮಿಕಲ್ ಎಂಜಿನಿಯರಿಂಗ್ ಈ ಪ್ರಶ್ನೆಗಳ ಶಾಸ್ತ್ರ. ಪ್ರೌಢಶಾಲೆಯಲ್ಲಿ ಅದರ ಪರಿಚಯಕ್ಕೆ ಎರಡು ಗಾಜಿನ ಲೋಟ, ಒಂದು ಅಳತೆಯ ಪಾತ್ರೆ, ಸ್ವಲ್ಪ ನೀಲಿ ಶಾಯಿ ಸಾಕು.

250 ಮಿ.ಲೀ. ಹಿಡಿಯುವ, ಒಂದೇ ಅಳತೆಯ ಲೋಟಗಳಲ್ಲಿ ತಲಾ 20 ಮಿ.ಲೀ. ಗಾಢ ಶಾಯಿನೀರು ಹಾಕಿ, ಆ ಮಟ್ಟಕ್ಕೆ ಹೊರಗೆ ಗೆರೆ ಎಳೆಯಬೇಕು. ಹಿಂಡಿದ ಬಟ್ಟೆಯಲ್ಲಿ ಉಳಿಯುವ ಸಾಬೂನುನೀರಿನ ಸ್ಥಾನದಲ್ಲಿ ಇದು ನಿಲ್ಲುತ್ತದೆ. ಮೊದಲನೆಯ ಲೋಟಕ್ಕೆ 180 ಮಿ.ಲೀ. ನೀರನ್ನು ಒಮ್ಮೆಗೇ ಸುರಿದು, ಕಲಕಿ, ಗೆರೆಯಷ್ಟು ಉಳಿಸಿ ಚೆಲ್ಲಬೇಕು. ಎರಡನೆಯದಕ್ಕೆ ಅಷ್ಟೇ ನೀರನ್ನು 60 ಮಿ.ಲೀ.ನಂತೆ ಮೂರು ಸಲ ಸುರಿದು, ಪ್ರತಿ ಸಲವೂ ಕಲಕಿ ಗೆರೆಯವರೆಗೆ ಚೆಲ್ಲಬೇಕು. ಫಲ ನೋಡುವ ಮೊದಲೇ ವಿದ್ಯಾರ್ಥಿಗಳು ತಮ್ಮ ಊಹೆಯನ್ನು ಬರೆದಿಡಲಿ. ನೀರು ಸಮವಾದರೆ ಬಣ್ಣವೂ ಸಮವೆಂದು ಬರೆಯುವವರು ಇದ್ದೇ ಇರುತ್ತಾರೆ.

ಮೊದಲನೆಯದರಲ್ಲಿ 20 ಮಿ.ಲೀ. 200 ಆಯಿತು, ಉಳಿದ ಶಾಯಿ ಹತ್ತನೆಯ ಒಂದು ಪಾಲು. ಎರಡನೆಯದರಲ್ಲಿ ಪ್ರತಿ ಸಲವೂ 20 ಮಿ.ಲೀ. 80 ಆಗುವುದರಿಂದ ನಾಲ್ಕನೆಯ ಒಂದು ಪಾಲು ಉಳಿಯುತ್ತದೆ. ಮೂರು ಸಲಕ್ಕೆ ಅರವತ್ತನಾಲ್ಕನೆಯ ಒಂದು ಪಾಲು. ಲೆಕ್ಕವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಮೊದಲನೆಯ ಲೋಟದ 20 ಮಿ.ಲೀ.ಗೆ 108 ಮಿ.ಲೀ. ನೀರು ಸೇರಿಸಿ, ಮತ್ತೆ ಗೆರೆಯಷ್ಟೇ ಉಳಿಸಿ, ಎರಡೂ ಲೋಟಗಳನ್ನು ಬಿಳಿಯ ಕಾಗದದ ಮೇಲಿಟ್ಟು ಮೇಲಿನಿಂದ ನೋಡಿದರೆ ಬಣ್ಣಗಳು ಹೊಂದಬೇಕು. ಹೊಂದದಿದ್ದರೆ ಗೆರೆಯವರೆಗೆ ಚೆಲ್ಲುವುದರಲ್ಲಿ ತಪ್ಪಿರುವ ಸಂಭವ ಹೆಚ್ಚು. ಆ ತಪ್ಪನ್ನು ಹುಡುಕುವುದೂ ಪಾಠದ ಭಾಗವೇ.

30 ಮಿ.ಲೀ.ನಂತೆ ಆರು ಸಲ ತೊಳೆದರೆ ಉಳಿಯುವುದು ಸುಮಾರು 244ನೆಯ ಒಂದು ಪಾಲು. ಆದರೆ ದುಡಿಮೆ ಇಮ್ಮಡಿಯಾಯಿತು. ಎಲ್ಲಿ ನಿಲ್ಲಿಸಬೇಕು? ಕೊಡ ನೀರಿಗೆ ದೂರ ನಡೆಯುವ ಊರಿನ ಮಕ್ಕಳ ಉತ್ತರವೂ ಮನೆಯಲ್ಲೇ ನಲ್ಲಿಯಿರುವ ಮಕ್ಕಳ ಉತ್ತರವೂ ಒಂದೇ ಆಗಿರಬೇಕಿಲ್ಲ. ನಿಜವಾದ ಬಟ್ಟೆಯ ನೂಲಿಗೆ ಸಾಬೂನು ಅಂಟಿಕೊಳ್ಳುವುದರಿಂದ ಅಲ್ಲಿ ಫಲ ಇಷ್ಟು ಚೊಕ್ಕವಾಗಿರದು ಎಂಬುದನ್ನೂ ಹೇಳಬೇಕು.

ಕೊನೆಯ ಸಲ ಜಾಲಿಸಿದ ನೀರನ್ನು ಮುಂದಿನ ಬಟ್ಟೆಯ ಮೊದಲ ತೊಳೆತಕ್ಕೆ ಬಳಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಸಕ್ಕರೆ ಕಾರ್ಖಾನೆಯ ಗಾಣಗಳ ಸಾಲಿನಲ್ಲಿಯೂ ಇದೇ ಕ್ರಮ. ಶುದ್ಧ ನೀರನ್ನು ಕೊನೆಯ ಗಾಣಕ್ಕೆ ಹೋಗುವ ಕಬ್ಬಿನ ಹಿಪ್ಪೆಯ ಮೇಲೆ ಮಾತ್ರ ಸುರಿಯುತ್ತಾರೆ. ಅಲ್ಲಿ ಬರುವ ತೆಳು ರಸ ಅದರ ಹಿಂದಿನ ಗಾಣದ ಹಿಪ್ಪೆಗೆ ಹೋಗುತ್ತದೆ. ಹಿಪ್ಪೆ ಮುಂದಕ್ಕೆ, ರಸ ಹಿಂದಕ್ಕೆ. ಸೊಲ್ಲಾಪುರ ಜಿಲ್ಲೆಯ ಶಾಲೆಗಳವರು ಹತ್ತಿರದ ಕಾರ್ಖಾನೆಯಲ್ಲಿ ಅನುಮತಿ ಪಡೆದು, ಕಬ್ಬು ಅರೆಯುವ ಕಾಲದಲ್ಲಿ ಇದನ್ನು ಮಕ್ಕಳಿಗೆ ತೋರಿಸಬಹುದು.