ಮಸುಕು ಧೂಮಕೇತುವಿನ ಜಾಡು

ಸೂರ್ಯನಿಂದ ಬಹುದೂರವಿರುವ ಧೂಮಕೇತುವಿಗೆ ಬಾಲವಿರದು. ಅದೊಂದು ಮಂಕು ಚುಕ್ಕೆ ಮಾತ್ರ. ಅದನ್ನು ನಾವು ಗುರುತಿಸುವುದೆಂತು? ಅದರ ಚಲನೆಯಿಂದ. ನಕ್ಷತ್ರಗಳ ನಡುವೆ ಅದು ರಾತ್ರಿಯಿಂದ ರಾತ್ರಿಗೆ ಸರಿಯುತ್ತದೆ. ಅದರ ಸ್ಥಾನವನ್ನು ವೇಳೆಸಹಿತ ಮೂರು ಬಾರಿಯಾದರೂ ಅಳೆದರೆ ಕಕ್ಷೆಯನ್ನು ಸ್ಥೂಲವಾಗಿ ಗಣಿಸಬಹುದು. ಅಳತೆಗಳು ಹೆಚ್ಚಿದಷ್ಟೂ ಅದು ಖಚಿತವಾಗುತ್ತದೆ.

1531, 1607 ಮತ್ತು 1682ರ ಧೂಮಕೇತುಗಳ ಕಕ್ಷೆಗಳನ್ನು ಹೋಲಿಸಿದ ಎಡ್ಮಂಡ್ ಹ್ಯಾಲಿಯು, ಮೂರೂ ಒಂದೇ ಎಂದರಿತು, 1758ರಲ್ಲಿ ಅದು ಮರಳುವುದೆಂದು ಸಾರಿದನು. ಆತನು 1742ರಲ್ಲಿ ತೀರಿಕೊಂಡನು. ಆತನ ಗಣಿತವು ಉಳಿಯಿತು: 1758ರ ಡಿಸೆಂಬರಿನಲ್ಲಿ ಧೂಮಕೇತು ಕಾಣಿಸಿತು.

ಇನ್ನು ಕಾಂತಿಯ ಲೆಕ್ಕ. ಕಾಂತಿಮಾನದ ಅಂಕಿ ಏರಿದಂತೆ ಬೆಳಕು ಕುಗ್ಗುತ್ತದೆ. 5 ಮಾನಗಳ ಅಂತರವೆಂದರೆ 100 ಪಟ್ಟು. ಕಗ್ಗತ್ತಲ ಆಕಾಶದಲ್ಲಿ ಬರಿಗಣ್ಣಿನ ಎಲ್ಲೆ ಸುಮಾರು 6. 1982ರ ಅಕ್ಟೋಬರಿನಲ್ಲಿ ಅಮೆರಿಕದ ಪಾಲೊಮಾರ್ ಬೆಟ್ಟದ ದೊಡ್ಡ ದೂರದರ್ಶಕಕ್ಕೆ ಹ್ಯಾಲಿ ಧೂಮಕೇತುವು ಶನಿಯ ಕಕ್ಷೆಯಾಚೆ, ಸುಮಾರು 24ರ ಕಾಂತಿಮಾನದಲ್ಲಿ ಸಿಕ್ಕಿತು. ಬರಿಗಣ್ಣಿನ ಎಲ್ಲೆಗಿಂತ ಒಂದೂವರೆ ಕೋಟಿ ಪಟ್ಟು ಮಸುಕು! ಆದರೂ ಗಣಿತವು ತೋರಿದ ಸ್ಥಳದ ಮಗ್ಗುಲಲ್ಲೇ ಅದು ಇದ್ದಿತು.

ಹಿಂದಿನವರು ಕಂಡುದನ್ನು ಬರೆದಿಡದಿದ್ದರೆ ಹ್ಯಾಲಿಗೆ ಹೋಲಿಸಲು ಏನಿರುತ್ತಿತ್ತು? 2061ರಲ್ಲಿ ಅದು ಮತ್ತೆ ಬರಲಿದೆ. ವಿದ್ಯಾರ್ಥಿಗಳೇ, ಆಗ ನೋಡುವ ಸರದಿ ನಿಮ್ಮದು. ಕಂಡುದನ್ನು ದಿನಾಂಕ, ವೇಳೆಗಳೊಡನೆ ಬರೆದಿಡುವ ಅಭ್ಯಾಸವನ್ನು ನಾವು ಇಂದೇ ತೊಡಗೋಣ.